ಮಣ್ಣಿನಡಿಯ ಔತಣ: ಕಜನ್ಲಾಕ್‌ನ ಚಿತ್ರಗೋರಿ

1944ರ ಏಪ್ರಿಲ್ ತಿಂಗಳು. ಎರಡನೆಯ ಮಹಾಯುದ್ಧದ ಬಿಸಿ ಬಲ್ಗೇರಿಯಕ್ಕೂ ತಟ್ಟಿತ್ತು. ರಾಜಧಾನಿ ಸೋಫಿಯಾದ ಮೇಲೆ ಮಿತ್ರರಾಷ್ಟ್ರಗಳ ವಿಮಾನಗಳು ಬಾಂಬು ಸುರಿಸಿ ಹೋಗಿದ್ದವು. ದೇಶದ ನಡುಭಾಗದಲ್ಲಿರುವ ಕಜನ್ಲಾಕ್ ಎಂಬ ಪಟ್ಟಣದ ಅಂಚಿನ ದಿಬ್ಬವೊಂದರ ಮೇಲೆ, ಆಕಾಶದತ್ತ ಕಣ್ಣಿಡಲು ಕಾವಲು ಠಾಣೆಯೊಂದು ಬೇಕೆಂದು ಸೈನಿಕರು ಅಗೆಯತೊಡಗಿದರು. 19ನೇ ತಾರೀಖಿನಂದು ಅವರ ಗುದ್ದಲಿಗೆ ತಾಗಿದ್ದು ಬರಿಯ ಮಣ್ಣಲ್ಲ, ಮನುಷ್ಯರು ಕಟ್ಟಿದ ಗೋಡೆ. ಒಳಗೆ ಇಣುಕಿದವರಿಗೆ ಕಂಡದ್ದು ಒಂದು ಪುಟ್ಟ ಗುಮ್ಮಟ. ಆ ಗುಮ್ಮಟದ ಒಳಮೈಯಲ್ಲಿ ಕುದುರೆಗಳು, ರಥಗಳು, ಕಹಳೆ ಊದುವ ಹೆಂಗಸರು ಮತ್ತು ಅವರೆಲ್ಲರ ನಡುವೆ ಕೈ ಹಿಡಿದು ಕುಳಿತ ಗಂಡ ಹೆಂಡತಿ. ಬಣ್ಣ ಮಾಸಿರಲಿಲ್ಲ. ಸುಮಾರು 2300 ವರ್ಷ ಆ ಜನರೆಲ್ಲ ಅಲ್ಲೇ ಕತ್ತಲೆಯಲ್ಲಿ ಇದ್ದರು.

ದಿಬ್ಬಕ್ಕೆ ಸ್ಥಳೀಯರು ಇಟ್ಟಿದ್ದ ಹೆಸರು ತ್ಯುಲ್ಬೆತೊ. ತುರ್ಕಿ ಭಾಷೆಯ 'ತುರ್ಬೆ' ಎಂಬ ಪದದಿಂದ ಬಂದದ್ದು, ಅರ್ಥ, ಗೋರಿ. ಬಾಲ್ಕನ್ ನಾಡನ್ನು ಗೆದ್ದ ಆಟೊಮನ್ ಸೇನಾನಿ ಲಾಲಾ ಶಾಹಿನ್ ಪಾಷಾನ ಸ್ಮಾರಕ ಗೋರಿ ಅಲ್ಲಿದೆ. ಜನ ಆ ಹೆಸರಿನಿಂದ ಕರೆಯುತ್ತಿದ್ದುದು ಕಣ್ಣಿಗೆ ಕಾಣುತ್ತಿದ್ದ ಗೋರಿಯನ್ನು. ಅದಕ್ಕಿಂತ ಸಾವಿರದ ಆರುನೂರು ವರ್ಷಕ್ಕೂ ಹಳೆಯದಾದ ಇನ್ನೊಂದು ಗೋರಿ ಅದೇ ದಿಬ್ಬದ ಹೊಟ್ಟೆಯಲ್ಲಿದೆ ಎಂಬುದು ಯಾರಿಗೂ ತಿಳಿದಿರಲಿಲ್ಲ.

ಕಜನ್ಲಾಕ್ ಸೋಫಿಯಾದಿಂದ ಪೂರ್ವಕ್ಕೆ ಸುಮಾರು 200 ಕಿಲೋಮೀಟರ್ ದೂರದ ಊರು. ಉತ್ತರಕ್ಕೆ ಬಾಲ್ಕನ್ ಪರ್ವತಶ್ರೇಣಿ, ದಕ್ಷಿಣಕ್ಕೆ ಸ್ರೆದ್ನಾ ಗೋರಾ ಎಂಬ ತಗ್ಗಿನ ಬೆಟ್ಟಸಾಲು, ನಡುವೆ ತುಂಜಾ ನದಿ ಹರಿಯುವ ಕಣಿವೆ. ಹೊರಜಗತ್ತಿಗೆ ಇದು ಗುಲಾಬಿ ಕಣಿವೆ. ಅತ್ತರಿಗೆ ಬೇಕಾದ ಗುಲಾಬಿ ಎಣ್ಣೆಗೆ ಈ ಕಣಿವೆ ಶತಮಾನಗಳಿಂದ ಹೆಸರುವಾಸಿ. ಒಂದು ಕಿಲೋ ಎಣ್ಣೆಗೆ ಮೂರು ಟನ್ನಿಗೂ ಹೆಚ್ಚು ಹೂವಿನೆಸಳು ಬೇಕು. 1903ರಿಂದ ಇಲ್ಲಿ ಗುಲಾಬಿ ಹಬ್ಬ ನಡೆದುಬಂದಿದೆ. ಆದರೆ ಗುಲಾಬಿ ತೋಟಗಳ ನಡುವೆ ಅಲ್ಲಲ್ಲಿ ಬೋರಲು ಹಾಕಿದ ಬಾಣಲೆಯಂತೆ ಎದ್ದಿರುವ ಹಸಿರು ದಿಬ್ಬಗಳನ್ನು ಗಮನಿಸದೆ ಹೋಗುವಂತಿಲ್ಲ. ಇಂಥವು ಈ ಕಣಿವೆಯಲ್ಲಿ ಸಾವಿರಕ್ಕೂ ಹೆಚ್ಚು. ಪ್ರಕೃತಿ ಮಾಡಿದವಲ್ಲ, ಬುಟ್ಟಿಬುಟ್ಟಿಯಾಗಿ ಮಣ್ಣು ಹೊತ್ತು ಮಾಡಿದವು. ಮಾಡಿದವರು ಥ್ರೇಸಿಯನ್ನರು.

ಭಾರತೀಯರ ನಂತರ

ಥ್ರೇಸಿಯನ್ನರು ಎಂದರೆ ಯಾರು ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವವರು ಕಡಿಮೆ. ಆದರೆ ಅವರಲ್ಲೊಬ್ಬನನ್ನು ಎಲ್ಲರೂ ಬಲ್ಲರು. ಕ್ರಿ.ಪೂ. 1ನೇ ಶತಮಾನದಲ್ಲಿ ರೋಮಿನ ವಿರುದ್ಧ ಗುಲಾಮರ ದಂಗೆ ನಡೆಸಿದ ಸ್ಪಾರ್ಟಕಸ್ ಥ್ರೇಸಿಯನ್. ಗ್ರೀಕ್ ಪುರಾಣದಲ್ಲಿ ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕಿಳಿದ ಗಾಯಕ ಆರ್ಫಿಯಸ್ ಕೂಡ ಥ್ರೇಸಿನವನೆಂದೇ ಕತೆ. ಇಂದಿನ ಬಲ್ಗೇರಿಯ, ಉತ್ತರ ಗ್ರೀಸ್, ತುರ್ಕಿಯ ಯುರೋಪ್ ಭಾಗ, ರುಮೇನಿಯದ ಒಂದಿಷ್ಟು - ಇಷ್ಟು ನೆಲದಲ್ಲಿ ಹರಡಿದ್ದ ಅನೇಕ ಬುಡಕಟ್ಟುಗಳಿಗೆ ಗ್ರೀಕರು ಒಟ್ಟಾಗಿ ಇಟ್ಟ ಹೆಸರದು.

ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇವರ ಬಗ್ಗೆ ಬರೆಯುತ್ತ ಒಂದು ಕುತೂಹಲದ ಮಾತು ಹೇಳಿದ್ದಾನೆ. ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯ ಜನ ಭಾರತೀಯರು. ಅವರನ್ನು ಬಿಟ್ಟರೆ ಥ್ರೇಸಿಯನ್ನರು. ಒಬ್ಬ ಒಡೆಯನ ಕೆಳಗೆ ಒಂದಾದರೆ ಅವರನ್ನು ಗೆಲ್ಲುವವರೇ ಇಲ್ಲ, ಆದರೆ ಅವರು ಎಂದೂ ಒಂದಾಗುವವರಲ್ಲ ಎಂಬುದು ಅವನ ಅಭಿಪ್ರಾಯ. ಹೆರೊಡೋಟಸ್ ಭಾರತವನ್ನು ಕಂಡವನಲ್ಲ, ಕೇಳಿದ್ದನ್ನು ಬರೆದವನು. ಲೆಕ್ಕ ಎಷ್ಟು ಸರಿಯೋ, ಒಗ್ಗಟ್ಟಿನ ಬಗೆಗಿನ ಮಾತು ಮಾತ್ರ ಥ್ರೇಸಿಯನ್ನರ ಪಾಲಿಗೆ ನಿಜವಾಯಿತು. ಬುಡಕಟ್ಟುಗಳು ತಮ್ಮೊಳಗೆ ಕಾದಾಡಿದವು, ಪರ್ಷಿಯನ್ನರಿಗೆ ಮಣಿದವು, ಮ್ಯಾಸಿಡೋನಿಯದ ಅರಸರಿಗೆ ಕಪ್ಪ ಕೊಟ್ಟವು. ಕ್ರಿ.ಶ. 46ರಲ್ಲಿ ಥ್ರೇಸ್ ರೋಮ್ ಸಾಮ್ರಾಜ್ಯದ ಒಂದು ಪ್ರಾಂತವಾಯಿತು. ಕಾಲಕ್ರಮದಲ್ಲಿ ಅವರ ಭಾಷೆಯೂ ಅಳಿಯಿತು.

ಅವರಿಗೆ ತಮ್ಮದೇ ಲಿಪಿ ಇರಲಿಲ್ಲ. 1912ರಲ್ಲಿ ಎಜೆರೊವೊ ಎಂಬ ಹಳ್ಳಿಯಲ್ಲಿ ಚಿನ್ನದ ಉಂಗುರವೊಂದು ಸಿಕ್ಕಿತು. ಅದರ ಮೇಲೆ 61 ಗ್ರೀಕ್ ಅಕ್ಷರಗಳಿವೆ. ಒಂದೊಂದು ಅಕ್ಷರವನ್ನೂ ಓದಬಹುದು. ಅರ್ಥ ಮಾತ್ರ ಆಗುವುದಿಲ್ಲ. ಏಕೆಂದರೆ ಅಲ್ಲಿರುವುದು ಥ್ರೇಸಿಯನ್ ಭಾಷೆ. ಹಲವು ಪಂಡಿತರು ಹಲವು ಬಗೆಯಾಗಿ ಅರ್ಥ ಹೇಳಿದ್ದಾರೆ, ಯಾವುದನ್ನೂ ಎಲ್ಲರೂ ಒಪ್ಪಿಲ್ಲ. ಹೀಗಾಗಿ ಈ ಜನರ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಅವರ ನೆರೆಯವರಾದ, ಎಷ್ಟೋ ಸಲ ಶತ್ರುಗಳೂ ಆದ ಗ್ರೀಕರು ಬರೆದಿಟ್ಟದ್ದು. ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು ಬಹಳ ಕಡಿಮೆ. ಕಜನ್ಲಾಕ್‌ನ ಗೋಡೆಗೆ ಇಷ್ಟು ಬೆಲೆ ಬಂದಿರುವುದು ಅದರ ಚೆಲುವಿನಿಂದ ಮಾತ್ರವಲ್ಲ, ಈ ಕಾರಣದಿಂದಲೂ.

ಮೂರು ಹೆಜ್ಜೆಯ ಓಣಿ

ಗೋರಿಯನ್ನು ನೋಡಹೋದವರಿಗೆ ಮೊದಲು ಅಚ್ಚರಿಯಾಗುವುದು ಅದರ ಗಾತ್ರ. ಈಜಿಪ್ಟಿನ ಗೋರಿಗಳ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆಯೇ. ಒಂದು ಚಿಕ್ಕ ಮುಂಕೋಣೆ, ಅಲ್ಲಿಂದ ಎರಡು ಮೀಟರಿಗಿಂತ ತುಸು ಕಡಿಮೆ ಉದ್ದದ ಇಕ್ಕಟ್ಟಾದ ಓಣಿ, ಅದರ ಕೊನೆಗೆ ದುಂಡನೆಯ ಶವಕೋಣೆ. ಓಣಿಯ ಅಗಲ 1.12 ಮೀಟರ್. ಎದುರಿಗೆ ಒಬ್ಬರು ಬಂದರೆ ಮೈ ಓರೆ ಮಾಡಿಕೊಳ್ಳಬೇಕು. ಶವಕೋಣೆಯ ಅಡ್ಡಳತೆ 2.65 ಮೀಟರ್, ಎತ್ತರ 3.25 ಮೀಟರ್. ನಮ್ಮ ಲೆಕ್ಕದಲ್ಲಿ ಒಂಬತ್ತು ಅಡಿಯೂ ಇಲ್ಲದ ಕೋಣೆ. ನಾಲ್ಕು ಜನ ಒಟ್ಟಿಗೆ ನಿಂತು ಕತ್ತೆತ್ತಿದರೆ ಒಬ್ಬರ ಭುಜಕ್ಕೆ ಇನ್ನೊಬ್ಬರ ತಲೆ ತಾಗುತ್ತದೆ.

ಕಟ್ಟಿರುವುದು ಸುಟ್ಟ ಇಟ್ಟಿಗೆಯಿಂದ. ವರಸೆಯಿಂದ ವರಸೆಗೆ ಸುತ್ತು ಕಿರಿದಾಗುತ್ತ ಜೇನುಗೂಡಿನ ಆಕಾರದಲ್ಲಿ ಮೇಲೇರಿ ಕೂಡಿಕೊಳ್ಳುವ ಗುಮ್ಮಟ ಇದು. ಗ್ರೀಕರಲ್ಲಿ ಇಂಥ ದುಂಡು ಕಟ್ಟಡಕ್ಕೆ 'ಥೋಲೋಸ್' ಎನ್ನುತ್ತಾರೆ. ಕಟ್ಟಡ ಮುಗಿದ ಮೇಲೆ ಅದರ ಮೇಲೆ ಮಣ್ಣು ಸುರಿದು ದಿಬ್ಬ ಮಾಡಿದ್ದಾರೆ. ಅಂದರೆ ಈ ಚಿತ್ರಗಳನ್ನು ಬರೆದದ್ದು ನೋಡುವವರಿಗಾಗಿ ಅಲ್ಲ. ಬರೆದವನು ಕೆಲಸ ಮುಗಿಸಿ ಹೊರಗೆ ಬಂದ ಮೇಲೆ, ಶವಸಂಸ್ಕಾರಕ್ಕೆ ಒಳಹೊಕ್ಕ ಕೆಲವರನ್ನು ಬಿಟ್ಟರೆ, ಇದು ಯಾರ ಕಣ್ಣಿಗೂ ಬೀಳಬೇಕಾದದ್ದಾಗಿರಲಿಲ್ಲ. ನಿಜ, ಕಳ್ಳರು ಆ ಲೆಕ್ಕವನ್ನು ತಪ್ಪಿಸಿದರು. ಪ್ರಾಚೀನ ಕಾಲದಲ್ಲೇ ಗೋರಿಗೆ ಕನ್ನ ಬಿದ್ದಿತ್ತು. ಒಳಗಿದ್ದ ಬೆಲೆಬಾಳುವ ವಸ್ತುಗಳು ಹೋದವು. ಗೋಡೆಯನ್ನು ಹೊತ್ತೊಯ್ಯಲು ಆಗದೆ ಬಿಟ್ಟುಹೋದರು.

ಓಣಿಯ ಗೋಡೆಗಳ ಮೇಲ್ಭಾಗದಲ್ಲಿ ಯುದ್ಧ ಮತ್ತು ಯೋಧರ ಪಟ್ಟಿಕೆ. ಎದುರುಬದುರಾದ ಪಡೆಗಳು, ಕಾಲಾಳುಗಳು, ಸವಾರರು. ಸತ್ತವನು ಯೋಧನಾಗಿದ್ದ, ಅವನ ಬದುಕಿನ ಘಟನೆಗಳೇ ಇಲ್ಲಿವೆ ಎಂದು ಊಹೆ. ಕೆಳಗೆ ಬಳ್ಳಿ ಎಲೆಗಳ ಅಲಂಕಾರ. ಇದನ್ನು ದಾಟಿ ಬಗ್ಗಿಕೊಂಡು ಒಳಕ್ಕೆ ಹೋದರೆ ಬಣ್ಣವೇ ಬದಲಾಗುತ್ತದೆ. ಶವಕೋಣೆಯ ಗೋಡೆಗೆ ಕಡುಗೆಂಪು ಬಳಿದಿದ್ದಾರೆ. ಅದರ ಮೇಲೆ ಎತ್ತಿನ ತಲೆ, ಹೂವು, ಮತ್ತೆ ಎತ್ತಿನ ತಲೆ, ಹೂವು ಎಂಬ ಸಾಲು. ಅಲ್ಲಿಂದ ಮೇಲಕ್ಕೆ ಗುಮ್ಮಟದ ಸುತ್ತ ಮುಖ್ಯ ಚಿತ್ರ. ಇನ್ನೂ ಮೇಲೆ, ನೆತ್ತಿಯ ಹತ್ತಿರ, ಒಂದನ್ನೊಂದು ಬೆನ್ನಟ್ಟುವ ಮೂರು ರಥಗಳು. ದುಂಡನೆಯ ಗುಮ್ಮಟವಾದ್ದರಿಂದ ಆ ಓಟಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಯಾರು ಮುಂದೆ ಯಾರು ಹಿಂದೆ ಎಂದು ಹೇಳುವಂತಿಲ್ಲ.

ಬಳಸಿದ ಬಣ್ಣಗಳು ಮುಖ್ಯವಾಗಿ ನಾಲ್ಕೇ: ಕಪ್ಪು, ಬಿಳಿ, ಕೆಂಪು, ಹಳದಿ. ಇಷ್ಟರಲ್ಲೇ ಕುದುರೆಯ ಮೈಯ ಉಬ್ಬುತಗ್ಗು, ಬಟ್ಟೆಯ ನೆರಿಗೆ, ಮುಖದ ಮೇಲಿನ ನೆರಳು ಎಲ್ಲವನ್ನೂ ತಂದಿದ್ದಾನೆ ಅನಾಮಿಕ ಚಿತ್ರಕಾರ. ಅಂದಿನ ಗ್ರೀಕ್ ವರ್ಣಚಿತ್ರಗಳು ಹೆಸರುವಾಸಿ. ಆದರೆ ಅವುಗಳಲ್ಲಿ ಉಳಿದುಬಂದದ್ದು ಅತ್ಯಲ್ಪ. ಆ ಕಲೆಯನ್ನು ಬಲ್ಲ ಕೈಯೊಂದು ಇಲ್ಲಿ ಕೆಲಸ ಮಾಡಿದೆ ಎಂಬುದರಲ್ಲಿ ಅನುಮಾನವಿಲ್ಲ. ಕಾಲದ ಅಂದಾಜಿಗೆ ಒಂದು ಮಾತು: ಕ್ರಿ.ಪೂ. 4ನೇ ಶತಮಾನದ ಕೊನೆ ಅಥವಾ 3ನೇ ಶತಮಾನದ ಮೊದಲು ಎಂದರೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಕೆತ್ತುವುದಕ್ಕಿಂತ ಕೆಲವು ದಶಕ ಹಿಂದೆ. ಅಜಂತದ ಅತಿ ಹಳೆಯ ಚಿತ್ರಗಳೂ ಇದಕ್ಕಿಂತ ಈಚಿನವೇ.

ಕೈ ಮೇಲೆ ಕೈ

ಈಗ ಮುಖ್ಯ ಚಿತ್ರಕ್ಕೆ ಬರಬೇಕು. ಮೂರು ಕಾಲಿನ ಗಿಡ್ಡ ಮೇಜು, ಅದರ ಮೇಲೆ ತಿನಿಸು. ಮೇಜಿನ ಹಿಂದೆ ಗಂಡಸು ಕುಳಿತಿದ್ದಾನೆ. ಕಂದು ಮೈಬಣ್ಣ, ತಲೆಗೆ ಎಲೆಯ ಕಿರೀಟ, ಕೈಯಲ್ಲಿ ಮದ್ಯದ ಬಟ್ಟಲು. ಪಕ್ಕದಲ್ಲಿ ಬೆನ್ನೊರಗಿರುವ ಪೀಠದ ಮೇಲೆ ಹೆಣ್ಣು. ಬಿಳಿಚಿದ ಮುಖ, ತಲೆಯ ಮೇಲೆ ಸೆರಗು, ಕತ್ತು ತುಸು ಬಾಗಿದೆ. ಇಬ್ಬರ ಕೈಗಳು ಕೂಡಿವೆ. ಬೆರಳಿಗೆ ಬೆರಳು ಹೆಣೆದು ಬಿಗಿಯಾಗಿ ಹಿಡಿದದ್ದಲ್ಲ. ಮುಂಗೈಗೆ ಮುಂಗೈ ತಾಗಿಸಿ ಮೆಲ್ಲಗೆ ಆನಿಸಿಕೊಂಡಂತಿದೆ. ಇಷ್ಟು ವರ್ಷಗಳಲ್ಲಿ ಈ ಗೋರಿಯ ಬಗ್ಗೆ ಬರೆದವರೆಲ್ಲ ಈ ಕೈಗಳ ಬಳಿ ನಿಂತು ಮುಂದೆ ಹೋಗಿದ್ದಾರೆ.

ಇವರ ಎರಡೂ ಬದಿಯಿಂದ ಪರಿವಾರ ಮೆರವಣಿಗೆಯಂತೆ ಬರುತ್ತಿದೆ. ಒಂದು ಕಡೆಯಿಂದ ಎತ್ತರದ ನಿಲುವಿನ ಹೆಂಗಸು ದಾಳಿಂಬೆ ಮೊದಲಾದ ಹಣ್ಣು ತುಂಬಿದ ತಟ್ಟೆ ತರುತ್ತಿದ್ದಾಳೆ. ಅವಳ ಹಿಂದೆ ಮದ್ಯ ಬಡಿಸುವವನು, ಉದ್ದನೆಯ ಕಹಳೆ ಊದುವ ಇಬ್ಬರು, ಕುದುರೆ ಹಿಡಿದ ಸೇವಕರು. ಇನ್ನೊಂದು ಕಡೆ ಪೆಟ್ಟಿಗೆ, ಬಟ್ಟೆ ಹಿಡಿದ ದಾಸಿಯರು ಮತ್ತು ನಾಲ್ಕು ಕುದುರೆ ಕಟ್ಟಿದ ರಥ. ಕುದುರೆಗಳು ತಾಳ್ಮೆಗೆಟ್ಟು ಕಾಲು ಕೆದರುತ್ತಿವೆ, ಸಾರಥಿ ಜಗ್ಗಿ ಹಿಡಿದಿದ್ದಾನೆ. ಎಲ್ಲರೂ ಎಲ್ಲಿಗೋ ಹೊರಡಲು ಸಿದ್ಧರು. ಹೊರಡದೆ ಕುಳಿತವರು ಆ ಇಬ್ಬರು ಮಾತ್ರ.

ಇದೇನು? ಮದುವೆಯ ಊಟವೆಂದು ಕೆಲವರು ಹೇಳಿದ್ದಾರೆ. ಬಹುಮಂದಿಯ ಅಭಿಪ್ರಾಯದಲ್ಲಿ ಇದು ಸಾವಿನ ಔತಣ, ಬೀಳ್ಕೊಡುಗೆ. ಗಂಡಸಿನ ತಲೆಯ ಮೇಲಿನ ಎಲೆಕಿರೀಟ ಅವನು ಸತ್ತು ದೇವಸಮಾನನಾದ ವೀರನೆಂಬುದನ್ನು ಸೂಚಿಸುತ್ತದೆ ಎನ್ನುವವರಿದ್ದಾರೆ. ದಾಳಿಂಬೆ ಗ್ರೀಕ್ ಪುರಾಣದಲ್ಲಿ ಪಾತಾಳದ ರಾಣಿ ಪರ್ಸೆಫೋನೆಯ ಹಣ್ಣು. ಆದ್ದರಿಂದ ತಟ್ಟೆ ಹಿಡಿದ ಎತ್ತರದ ಹೆಂಗಸು ದಾಸಿಯಲ್ಲ, ದೇವತೆ ಎಂಬ ವಾದವೂ ಇದೆ.

ಇಲ್ಲಿ ಹೆರೊಡೋಟಸ್ ಮತ್ತೆ ನೆರವಿಗೆ ಬರುತ್ತಾನೆ. ಸಿರಿವಂತ ಥ್ರೇಸಿಯನ್ ಸತ್ತರೆ ಶವವನ್ನು ಮೂರು ದಿನ ಇಡುತ್ತಾರೆ. ಮೊದಲು ಅತ್ತು, ಆಮೇಲೆ ಬಗೆಬಗೆಯ ಪ್ರಾಣಿಗಳನ್ನು ಕಡಿದು ಔತಣ ಮಾಡುತ್ತಾರೆ. ಸುಟ್ಟು ಅಥವಾ ಹೂತು, ಮೇಲೆ ಮಣ್ಣಿನ ದಿಬ್ಬ ಎಬ್ಬಿಸಿ, ಪಂದ್ಯಗಳನ್ನು ನಡೆಸುತ್ತಾರೆ ಎಂದು ಅವನ ವಿವರಣೆ. ಔತಣ, ದಿಬ್ಬ, ಪಂದ್ಯ - ಮೂರೂ ಇಲ್ಲಿವೆ. ನೆತ್ತಿಯ ಮೇಲೆ ಓಡುತ್ತಿರುವ ಮೂರು ರಥಗಳು ಆ ಪಂದ್ಯದವೇ ಇರಬೇಕು. ಒಂದು ಬುಡಕಟ್ಟಿನಲ್ಲಂತೂ ಮಗು ಹುಟ್ಟಿದಾಗ ಅದರ ಮುಂದಿನ ಕಷ್ಟಗಳನ್ನು ನೆನೆದು ಸುತ್ತ ಕುಳಿತು ಅಳುತ್ತಾರೆ, ಸತ್ತಾಗ ಸಂಕಟದಿಂದ ಪಾರಾದ ಎಂದು ನಕ್ಕು ಹೂಳುತ್ತಾರೆ ಎಂದೂ ಆತ ಬರೆದಿದ್ದಾನೆ.

ಇನ್ನೊಂದು ಬುಡಕಟ್ಟಿನ ಬಗ್ಗೆ ಅವನು ಹೇಳುವುದು ಮೈ ನಡುಗಿಸುತ್ತದೆ. ಅಲ್ಲಿ ಒಬ್ಬನಿಗೆ ಹಲವು ಹೆಂಡಿರು. ಗಂಡ ಸತ್ತರೆ ಅವನಿಗೆ ಅತ್ಯಂತ ಪ್ರಿಯಳಾಗಿದ್ದವಳು ಯಾರು ಎಂದು ಹೆಂಡಿರ ನಡುವೆ ಪೈಪೋಟಿ ನಡೆಯುತ್ತದೆ. ಗೆದ್ದವಳನ್ನು ಎಲ್ಲರೂ ಹೊಗಳುತ್ತಾರೆ. ನಂತರ ಅವಳ ಹತ್ತಿರದ ನೆಂಟನೇ ಅವಳನ್ನು ಗೋರಿಯ ಮೇಲೆ ಕೊಂದು, ಗಂಡನ ಜೊತೆ ಹೂಳುತ್ತಾನೆ. ಸೋತ ಹೆಂಡಿರಿಗೆ ಅದು ಅವಮಾನ. ಮಾಸ್ತಿಕಲ್ಲುಗಳನ್ನು ಊರಂಚಿನಲ್ಲಿ ಕಂಡು ಬೆಳೆದ ಕನ್ನಡಿಗರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಈ ಮಾತನ್ನು ಓದಿಕೊಂಡು ಗೋಡೆಯನ್ನು ನೋಡಿದರೆ ಚಿತ್ರ ಬೇರೆಯೇ ಆಗಿಬಿಡುತ್ತದೆ. ಆ ಬಾಗಿದ ಕತ್ತು, ಬಿಳಿಚಿದ ಮುಖ ಅಗಲಿಕೆಯ ದುಃಖದ್ದಲ್ಲ, ಮುಂದೆ ತನಗೆ ಕಾದಿರುವುದರ ಭಯದ್ದು. ಅವನು ಅವಳ ಕೈ ಹಿಡಿದಿರುವುದು ಸಮಾಧಾನಕ್ಕಲ್ಲ, ಕರೆದೊಯ್ಯಲು ಎಂದು ಓದಿದವರಿದ್ದಾರೆ. ಓದು ಆಕರ್ಷಕವಾಗಿದೆ. ಆದರೆ ಪೂರ್ತಿ ಒಪ್ಪಲು ಕಷ್ಟ. ಮೊದಲನೆಯದಾಗಿ, ಹೆಣ್ಣಿಗೆ ಬಿಳಿ, ಗಂಡಿಗೆ ಕಂದು ಬಳಿಯುವುದು ಆ ಕಾಲದ ಚಿತ್ರಕಾರರ ರೂಢಿ. ಬಿಳಿಚಿದ ಮುಖವೆಂದರೆ ಭಯವೆಂದೇ ಅರ್ಥವಲ್ಲ. ಎರಡನೆಯದಾಗಿ, ಹೆರೊಡೋಟಸ್ ಹೇಳಿದ್ದು ಎಲ್ಲ ಥ್ರೇಸಿಯನ್ನರ ಬಗ್ಗೆ ಅಲ್ಲ, ಬೇರೆ ಪ್ರದೇಶದ ಒಂದು ಗುಂಪಿನ ಬಗ್ಗೆ. ಅದೂ ಈ ಗೋರಿಗಿಂತ ಒಂದು ಶತಮಾನಕ್ಕೂ ಹಿಂದೆ.

ಮೂರನೆಯ ಕಾರಣ ಕೆಲವೇ ಕಿಲೋಮೀಟರ್ ದೂರದಲ್ಲಿ ಸಿಕ್ಕಿತು. ಅದೊಂದು ಕಲ್ಲಿನ ಶಾಸನ. ಗ್ರೀಕ್ ಭಾಷೆಯಲ್ಲಿದೆ. ಸ್ಯೂಥೆಸ್ ಎಂಬ ಥ್ರೇಸಿಯನ್ ಅರಸನ ಹೆಂಡತಿ ಬೆರೆನೀಕೆ ತನ್ನ ನಾಲ್ವರು ಗಂಡುಮಕ್ಕಳೊಡನೆ ಮಾಡಿದ ಪ್ರಮಾಣ ಅದರಲ್ಲಿದೆ. ನೆರೆಯ ಕಬಿಲೆ ನಗರದ ಸ್ಪಾರ್ಟೊಕೋಸ್ ಎಂಬವನಿಗೆ ಎಪಿಮೆನೆಸ್ ಎಂಬ ವ್ಯಕ್ತಿಯನ್ನು ಒಪ್ಪಿಸುವ ಒಡಂಬಡಿಕೆ ಅದು. ಅರಸ ಆಗ ಕಾಯಿಲೆ ಬಿದ್ದಿದ್ದನೋ ಸತ್ತಿದ್ದನೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ರಾಜ್ಯದ ಪರವಾಗಿ ಮಾತು ಕೊಡುತ್ತಿರುವವಳು ರಾಣಿ ಎಂಬುದು ಸ್ಪಷ್ಟ. ಇದೇ ಕಣಿವೆಯಲ್ಲಿ, ಇದೇ ಕಾಲದಲ್ಲಿ, ಗಂಡನ ಗೋರಿಗೆ ಹೋಗದೆ ಅವನ ಗದ್ದುಗೆಯ ಪಕ್ಕ ನಿಂತು ಆಣೆ ಇಟ್ಟ ಹೆಣ್ಣೂ ಇದ್ದಳು. ಗೋಡೆಯ ಮೇಲಿನ ಹೆಂಗಸು ಅವಳಲ್ಲದಿರಬಹುದು. ಆದರೆ ಆಕೆಯನ್ನು ಬಲಿಪಶುವೆಂದು ತೀರ್ಮಾನಿಸುವ ಮುನ್ನ ಈ ಕಲ್ಲನ್ನೂ ಓದಬೇಕಾಗುತ್ತದೆ.

ಔತಣದ ವಿವರಗಳಿಗೂ ಸಾಕ್ಷಿ ಇದೆ. ಕ್ರಿ.ಪೂ. 400ರ ಸುಮಾರಿಗೆ ಗ್ರೀಕ್ ಲೇಖಕ, ಸೈನಿಕ ಝೆನೊಫೋನ್ ಇನ್ನೊಬ್ಬ ಸ್ಯೂಥೆಸ್‌ನ ಬಳಿ ಕೂಲಿಸೈನ್ಯದೊಡನೆ ಇದ್ದ. ಅಲ್ಲಿ ಉಂಡ ಊಟವನ್ನು ಬಣ್ಣಿಸಿದ್ದಾನೆ. ಮೂರು ಕಾಲಿನ ಮೇಜುಗಳು ಬಂದವು, ಮೇಲೆ ಮಾಂಸ ಮತ್ತು ದೊಡ್ಡ ರೊಟ್ಟಿಗಳ ರಾಶಿ. ಅರಸ ರೊಟ್ಟಿ ಮುರಿದು ತನಗೆ ಬೇಕಾದವರತ್ತ ಎಸೆದ. ಕೊಂಬಿನ ಪಾತ್ರೆಗಳಲ್ಲಿ ಮದ್ಯ ಸುತ್ತಿತು. ಒಬ್ಬ ಬಿಳಿ ಕುದುರೆಯನ್ನು ಊಟದ ಜಾಗಕ್ಕೇ ತಂದು ಅರಸನಿಗೆ ಕಾಣಿಕೆ ಕೊಟ್ಟ. ಕೊನೆಗೆ ಕಹಳೆ ಊದುವವರು ಬಂದರು. ಮೇಜು, ಮದ್ಯ, ಕುದುರೆ, ಕಹಳೆ: ಕಜನ್ಲಾಕ್‌ನ ಚಿತ್ರಕಾರ ಝೆನೊಫೋನನನ್ನು ಓದಿರಬೇಕಾಗಿಲ್ಲ. ಇಬ್ಬರೂ ಕಂಡದ್ದು ಒಂದೇ ಬಗೆಯ ಮನೆಯನ್ನು.

ಅಲೆಕ್ಸಾಂಡರನ ಬೆನ್ನ ಹಿಂದೆ

ಶಾಸನದ ಸ್ಯೂಥೆಸ್‌ನನ್ನು ಇತಿಹಾಸಕಾರರು ಮೂರನೆಯ ಸ್ಯೂಥೆಸ್ ಎನ್ನುತ್ತಾರೆ. ಅಲೆಕ್ಸಾಂಡರ್ ಜೇಲಂ ನದಿಯವರೆಗೆ ಬಂದು ಪೋರಸ್‌ನೊಡನೆ ಕಾದಾಡಿದ ಕತೆ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಅವನ ದಂಡಿನಲ್ಲಿ ಥ್ರೇಸಿಯನ್ ಸೈನಿಕರೂ ಇದ್ದರು. ಅಲೆಕ್ಸಾಂಡರ್ ಹಿಂತಿರುಗಿದ ಮೇಲೆ ಇಲ್ಲೇ ಉಳಿದ ಪಡೆಗಳಲ್ಲಿ ಥ್ರೇಸಿಯನ್ನರ ನಾಯಕ ಯೂಡಮಸ್‌ನೂ ಒಬ್ಬ. ಒಡೆಯ ಇಷ್ಟು ದೂರ ಬಂದಿದ್ದಾಗ ಅವನ ಬೆನ್ನ ಹಿಂದೆ, ಕ್ರಿ.ಪೂ. 325ರ ಸುಮಾರಿಗೆ, ಥ್ರೇಸಿನಲ್ಲಿ ದಂಗೆ ಎದ್ದಿತು. ಎಬ್ಬಿಸಿದವನು ಈ ಸ್ಯೂಥೆಸ್.

ಅಲೆಕ್ಸಾಂಡರ್ ಸತ್ತ ಮೇಲೆ ಥ್ರೇಸ್ ಅವನ ಸೇನಾನಿ ಲಿಸಿಮ್ಯಾಕಸ್‌ನ ಪಾಲಿಗೆ ಬಂತು. ಸ್ಯೂಥೆಸ್ 20,000 ಕಾಲಾಳು, 8,000 ಕುದುರೆ ಸವಾರರೊಂದಿಗೆ ಎದುರಾದ. ಲಿಸಿಮ್ಯಾಕಸ್‌ನ ಬಳಿ ಇದ್ದುದು 4,000 ಕಾಲಾಳು, 2,000 ಸವಾರರು ಎಂದು ಡಿಯೊಡೋರಸ್ ಎಂಬ ಇತಿಹಾಸಕಾರ ಲೆಕ್ಕ ಕೊಟ್ಟಿದ್ದಾನೆ. ಯುದ್ಧದಲ್ಲಿ ಯಾರೂ ಖಚಿತವಾಗಿ ಗೆಲ್ಲಲಿಲ್ಲ. ಕ್ರಿ.ಪೂ. 313ರಲ್ಲಿ ಮತ್ತೆ ಇಬ್ಬರಿಗೂ ಜಟಾಪಟಿ. ಪೂರ್ತಿ ಸೋಲದೆ, ಪೂರ್ತಿ ಗೆಲ್ಲದೆ ತುಂಜಾ ನದಿಯ ದಡದಲ್ಲಿ ತನ್ನ ಹೆಸರಿನ ರಾಜಧಾನಿ ಕಟ್ಟಿಕೊಂಡು, ತನ್ನ ಹೆಸರಿನ ನಾಣ್ಯ ಟಂಕಿಸಿಕೊಂಡು ಉಳಿದವನು ಆತ.

ಕಜನ್ಲಾಕ್‌ನ ಗೋರಿ ಅವನದೇ ಇರಬಹುದೇ? ಈ ಪ್ರಶ್ನೆಗೆ 2004ರಲ್ಲಿ ಬೇರೊಂದು ದಿಬ್ಬ ಉತ್ತರ ಹೇಳಿತು. ಗೋಲ್ಯಾಮಾ ಕೊಸ್ಮಾತ್ಕಾ ಎಂಬ ಭಾರಿ ದಿಬ್ಬವನ್ನು ಪುರಾತತ್ವಜ್ಞ ಗೆಯೋರ್ಗಿ ಕಿತೋವ್ ಅಗೆದಾಗ 13 ಮೀಟರ್ ಉದ್ದದ ಓಣಿ, ಮೂರು ಕೋಣೆಗಳು, ಅಮೃತಶಿಲೆಯ ಜೋಡಿಬಾಗಿಲು ಕಂಡವು. ಅದೃಷ್ಟಕ್ಕೆ ಇಲ್ಲಿ ಕಳ್ಳರು ಮುಟ್ಟಿರಲಿಲ್ಲ. ಏಕಶಿಲೆಯಲ್ಲಿ ಕೊರೆದ ಕೊನೆಯ ಕೋಣೆಯಲ್ಲಿ ಚಿನ್ನದ ಓಕ್ ಎಲೆಗಳ ಕಿರೀಟ, ಚಿನ್ನದ ಬಟ್ಟಲು, ಕಂಚಿನ ಶಿರಸ್ತ್ರಾಣ. ಶಿರಸ್ತ್ರಾಣದ ಮೇಲೆ ಗ್ರೀಕ್ ಅಕ್ಷರಗಳಲ್ಲಿ 'ಸ್ಯೂಥೆಸ್‌ನದು' ಎಂದು ಬರೆದಿತ್ತು. ಗೋರಿಯ ಮುಂದೆ ನೆಲದಡಿ ಪ್ರತ್ಯೇಕವಾಗಿ ಹೂತಿಟ್ಟ ಕಂಚಿನ ತಲೆ ಸಿಕ್ಕಿತು. ಪ್ರತಿಮೆಯಿಂದ ಕತ್ತರಿಸಿದ್ದು. ದಟ್ಟ ಗಡ್ಡ, ಸುಕ್ಕುಗಟ್ಟಿದ ಹಣೆ, ಬಣ್ಣದ ಗಾಜು ಕೂರಿಸಿದ ಕಣ್ಣು. ಅರಸನ ಮುಖವೇ ಇದು ಎಂದು ಒಪ್ಪಿದ್ದಾರೆ. ಆ ತಲೆ ಈಗ ಸೋಫಿಯಾದ ಪುರಾತತ್ವ ಸಂಗ್ರಹಾಲಯದಲ್ಲಿದೆ. 2015ರಲ್ಲಿ ಪ್ಯಾರಿಸಿನ ಲೂವ್ರ್‌ನಲ್ಲಿ ನಡೆದ ಥ್ರೇಸಿಯನ್ ಅರಸರ ಪ್ರದರ್ಶನಕ್ಕೂ ಹೋಗಿಬಂದಿದೆ.

ಹಾಗಾದರೆ ಚಿತ್ರಗೋರಿಯ ದಂಪತಿ ಸ್ಯೂಥೆಸ್‌ನ ಆಸ್ಥಾನಕ್ಕೆ ಸೇರಿದ ಯಾರೋ ದೊಡ್ಡವರು ಎಂದಷ್ಟೇ ಹೇಳಲು ಸಾಧ್ಯ. ಅರಸನ ಹೆಸರೂ ಮುಖವೂ ಸಿಕ್ಕಿತು. ಇವರ ಮುಖ ಸಿಕ್ಕಿತು, ಹೆಸರು ಇಲ್ಲ.

ಕಿತೋವ್‌ನ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಕಣಿವೆಗೆ 'ಥ್ರೇಸಿಯನ್ ಅರಸರ ಕಣಿವೆ' ಎಂದು ಹೆಸರು ಕೊಟ್ಟವನು ಆತ. ಅದೇ 2004ರಲ್ಲಿ 673 ಗ್ರಾಂ ತೂಕದ ಚಿನ್ನದ ಮುಖವಾಡವನ್ನೂ ಪತ್ತೆ ಮಾಡಿದ. ದಿಬ್ಬಗಳನ್ನು ಬೇಗ ಬಿಡಿಸಲು ಭಾರಿ ಯಂತ್ರಗಳನ್ನು ಬಳಸಿದ್ದಕ್ಕೆ ಅವನ ಸಹೋದ್ಯೋಗಿಗಳೇ ಟೀಕಿಸಿದರು. ಪುರಾತತ್ವವೆಂದರೆ ಬ್ರಷ್ಷು ಕರಣೆಯ ಕೆಲಸ, ಯಂತ್ರಕ್ಕೆ ಮಣ್ಣಿನ ಪದರ ತಿಳಿಯುವುದಿಲ್ಲ ಎಂಬ ಟೀಕೆಯಲ್ಲಿ ಹುರುಳಿದೆ. ಕಳ್ಳರು ಕಾಯುತ್ತ ಕೂರುವುದಿಲ್ಲ ಎಂಬುದು ಅವನ ಉತ್ತರ. ಅದರಲ್ಲೂ ಹುರುಳಿದೆ. ಬಲ್ಗೇರಿಯದಲ್ಲಿ ದಿಬ್ಬಗಳನ್ನು ರಾತ್ರೋರಾತ್ರಿ ಬಗೆದು ಮಾರುವ ದಂಧೆ ದೊಡ್ಡದು. ಕಿತೋವ್ 2008ರಲ್ಲಿ ತೀರಿಕೊಂಡ. ವಾದ ಮುಗಿದಿಲ್ಲ.

ನೋಡಿದರೆ ಹಾಳು

ಕಜನ್ಲಾಕ್‌ನ ಚಿತ್ರಗಳಿಗೆ ಈಗ ಕಳ್ಳರಿಂದ ಭಯವಿಲ್ಲ. ಭಯವಿರುವುದು ನೋಡಬಂದವರ ಉಸಿರಿನಿಂದ. ಮಣ್ಣಿನೊಳಗೆ ಗಾಳಿ, ತೇವ, ಬಿಸಿ ಎಲ್ಲವೂ ಶತಮಾನಗಳ ಕಾಲ ಒಂದೇ ಸಮ ಇದ್ದವು. ಬಾಗಿಲು ತೆರೆದೊಡನೆ ಆ ಸಮತೋಲ ಕೆಡುತ್ತದೆ. ಒಬ್ಬೊಬ್ಬ ಮನುಷ್ಯನೂ ತನ್ನೊಡನೆ ಮೈಬಿಸಿ, ಉಸಿರಿನ ತೇವ, ಬಟ್ಟೆಯ ಧೂಳು, ಕಣ್ಣಿಗೆ ಕಾಣದ ಬೂಷ್ಟಿನ ಕಣಗಳನ್ನು ಒಯ್ಯುತ್ತಾನೆ. ಒಂಬತ್ತಡಿಯ ಕೋಣೆಯಲ್ಲಿ ಅವೆಲ್ಲ ಹೋಗಿ ಕೂರುವುದು ಗೋಡೆಯ ಮೇಲೆಯೇ. ಫ್ರಾನ್ಸಿನ ಲಾಸ್ಕೊ ಗುಹೆಯಲ್ಲಿ ಇದೇ ಆಗಿ 1963ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಚ್ಚಬೇಕಾಯಿತು. ಅಲ್ಲಿ ಪ್ರತಿಕೃತಿ ಸಿದ್ಧವಾದದ್ದು 1983ರಲ್ಲಿ.

ಬಲ್ಗೇರಿಯನ್ನರು ಅದಕ್ಕಿಂತ ಮೊದಲೇ ಎಚ್ಚೆತ್ತರು. ಮೂಲ ಗೋರಿಯ ಮೇಲೆ ರಕ್ಷಣಾ ಕಟ್ಟಡ ಕಟ್ಟಿ, ಒಳಗಿನ ಬಿಸಿ ಮತ್ತು ತೇವವನ್ನು ಹದದಲ್ಲಿಟ್ಟು, ಪ್ರವೇಶವನ್ನು ಬಹು ಮಿತಗೊಳಿಸಿದರು. ಅದೇ ಉದ್ಯಾನದಲ್ಲಿ ಕೂಗಳತೆಯಲ್ಲಿ, ಅಳತೆಗೆ ಅಳತೆ ಸರಿಹೊಂದುವಂತೆ, ಓಣಿ, ಗುಮ್ಮಟ, ಚಿತ್ರ ಎಲ್ಲವನ್ನೂ ಮತ್ತೊಮ್ಮೆ ಮಾಡಿ 1974ರಲ್ಲಿ ಜನರಿಗೆ ತೆರೆದರು. ದಿಬ್ಬದ ಮೆಟ್ಟಿಲೇರಿ ಬರುವ ಸಾಮಾನ್ಯ ಪ್ರವಾಸಿ ನೋಡಿಹೋಗುವುದು ಇದನ್ನೇ. 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬಲ್ಗೇರಿಯದ ಮೊದಲ ತಾಣಗಳಲ್ಲಿ ಕಜನ್ಲಾಕ್ ಒಂದು. ಅಜಂತ ಆ ಪಟ್ಟಿಗೆ ಬಂದದ್ದು 1983ರಲ್ಲಿ, ಹಂಪಿ 1986ರಲ್ಲಿ.

ನಕಲು ನೋಡಿ ಬಂದೆವು ಎಂದು ಬೇಸರಪಡುವವರಿದ್ದಾರೆ. ಬೇಸರ ಸಹಜವೇ. ಆದರೆ ನಕಲಿನಲ್ಲಿ ಧಾರಾಳವಾಗಿ ದೀಪ ಹಾಕಬಹುದು, ಶಾಲೆಯ ಮಕ್ಕಳ ಗುಂಪನ್ನು ಕರೆತರಬಹುದು, ಕತ್ತು ನೋಯುವವರೆಗೆ ಕುದುರೆ ಎಣಿಸಬಹುದು. ಹತ್ತಿರದಲ್ಲೇ ಕಾವಲಿನೊಳಗಿರುವ ಮೂಲದಲ್ಲಿ ಇದಾವುದಕ್ಕೂ ಅವಕಾಶವಿಲ್ಲ.

ಸ್ಯೂಥೆಸ್ ಕಟ್ಟಿದ ರಾಜಧಾನಿಗೆ ಈ ಭಾಗ್ಯ ಬರಲಿಲ್ಲ. ಅದು ಪತ್ತೆಯಾದದ್ದು 1948ರಲ್ಲಿ, ಪಟ್ಟಣದ ಪಶ್ಚಿಮಕ್ಕೆ ತುಂಜಾ ನದಿಗೆ ಅಣೆಕಟ್ಟೆ ಕಟ್ಟುವ ಕೆಲಸ ನಡೆದಿದ್ದಾಗ. ಬೆರೆನೀಕೆಯ ಶಾಸನ ಸಿಕ್ಕಿದ್ದೂ ಅಲ್ಲೇ. ಊರಿನ ಹೆಸರು ಸ್ಯೂಥೊಪೊಲಿಸ್ ಎಂದು ತಿಳಿದದ್ದು ಆ ಶಾಸನದಿಂದಲೇ. ಅದರ ಪ್ರತಿಯೊಂದನ್ನು ಸ್ಯೂಥೊಪೊಲಿಸ್‌ನ ದೇವಾಲಯದಲ್ಲಿ ನಿಲ್ಲಿಸಬೇಕೆಂದು ಅದರಲ್ಲೇ ಬರೆದಿದೆ. ದಿಮಿತರ್ ದಿಮಿತ್ರೋವ್ ನೇತೃತ್ವದಲ್ಲಿ 1954ರವರೆಗೆ ಅಗೆತ ನಡೆಯಿತು. ಸುಮಾರು 5 ಹೆಕ್ಟೇರ್ ವಿಸ್ತಾರದ ಕೋಟೆಯೂರು, ಒಂದಕ್ಕೊಂದು ನೇರವಾಗಿ ಅಡ್ಡಹಾಯುವ ಬೀದಿಗಳು, ಸಂತೆಚೌಕ, ಅರಮನೆ ಎಲ್ಲವೂ ಬೆಳಕಿಗೆ ಬಂದವು. ಪೂರ್ಣವಾಗಿ ಅಗೆದ ಮೊದಲ ಥ್ರೇಸಿಯನ್ ನಗರ ಅದು. ಸರ್ಕಾರ ಅಣೆಕಟ್ಟೆಯನ್ನು ನಿಲ್ಲಿಸಲಿಲ್ಲ. ಪುರಾತತ್ವಜ್ಞರು ಅಳೆದು, ನಕ್ಷೆ ಬರೆದು, ಎತ್ತಬಹುದಾದದ್ದನ್ನು ಎತ್ತಿಕೊಂಡು ಮೇಲಕ್ಕೆ ಬಂದರು. ನೀರು ಏರಿತು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ನಮ್ಮ ಕೃಷ್ಣೆಯ ದಂಡೆಯ ನಾಗಾರ್ಜುನಕೊಂಡದಲ್ಲೂ ಇದೇ ಧಾವಂತ ನಡೆದಿತ್ತು. ಅಲ್ಲಿ ಕೆಲವು ಕಟ್ಟಡಗಳನ್ನಾದರೂ ಕಳಚಿ ಎತ್ತರದ ಜಾಗದಲ್ಲಿ ಮತ್ತೆ ಕೂರಿಸಿದರು.

ಆ ಜಲಾಶಯಕ್ಕೆ ಈಗ ಕೊಪ್ರಿಂಕಾ ಎಂದು ಹೆಸರು. ಕಜನ್ಲಾಕ್ ಸುತ್ತಿನ ಹೊಲಗಳಿಗೆ ನೀರುಣಿಸುವುದು ಅದೇ. ನೀರಿನ ನಡುವೆ ಬಾವಿಯಂತೆ ದುಂಡನೆಯ ಗೋಡೆ ಎಬ್ಬಿಸಿ, ಒಳಗಿನ ನೀರು ತೆಗೆದು, ಊರನ್ನು ಮತ್ತೆ ಬಿಸಿಲಿಗೆ ತರಬಹುದೆಂದು ವಾಸ್ತುಶಿಲ್ಪಿ ಝೆಕೊ ತಿಲೆವ್ 2005ರಲ್ಲಿ ಒಂದು ಯೋಜನೆ ಮುಂದಿಟ್ಟರು. ಗೋಡೆಯ ಅಡ್ಡಳತೆ 420 ಮೀಟರ್. ಜನ ದೋಣಿಯಲ್ಲಿ ಹೋಗಿ, ಗೋಡೆಯ ಅಂಚಿನಲ್ಲಿ ನಿಂತು ಸುಮಾರು 20 ಮೀಟರ್ ಕೆಳಗಿನ ಊರನ್ನು ನೋಡಬೇಕು, ಆಮೇಲೆ ಬೀದಿಗೆ ಇಳಿಯಬೇಕು ಎಂಬ ಲೆಕ್ಕಾಚಾರ. ಚಿತ್ರಗಳು ಸೊಗಸಾಗಿವೆ; ಪತ್ರಿಕೆಗಳಲ್ಲಿ ಅಚ್ಚಾದವು. ಹಣ ಒದಗಲಿಲ್ಲ, ಗೋಡೆ ಏಳಲಿಲ್ಲ. ಸ್ಯೂಥೆಸ್‌ನ ಬೀದಿಗಳ ಮೇಲೆ ಈಗಲೂ ಮೀನುಗಾರರು ಗಾಳ ಹಾಕಿ ಕೂರುತ್ತಾರೆ.